ಗುಳಿಗೆ ಕೊಡುವ ಕೈ

ಗಂಡನಿಗೆ ಹೃದಯಾಘಾತವಾದ ಮೇಲೆಯೇ ಉಡಚಮ್ಮನಿಗೆ ಗಂಡ ಸಿಕ್ಕಿದ್ದು. ಈ ಮಾತನ್ನು ಅವಳು ಯಾರ ಮುಂದೆಯೂ ಆಡಲಾರಳು. ಆಡಿದರೆ ಜನ ಮುಖಕ್ಕೆ ಉಗಿಯುತ್ತಾರೆಂದು ಗೊತ್ತು. ಆದರೆ ನಿಜ ಅದೇ ಎಂಬುದೂ ಗೊತ್ತು.

ಮಾಯಕೊಂಡದಿಂದ ಹರಿಹರಕ್ಕೆ ಸೊಸೆಯಾಗಿ ಬಂದಾಗ ಅವಳಿನ್ನೂ ಇಪ್ಪತ್ತು ತುಂಬದ ಹುಡುಗಿ. ಗಂಡ ಕೊಟ್ಟೂರಪ್ಪ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಅಕ್ಕಿ ಗಿರಣಿಯ ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದ. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅತ್ತೆ ಅಂಜಿನವ್ವ ಕೆಟ್ಟವಳೇನಲ್ಲ, ಸೊಸೆಯನ್ನು ಬೈದು ಬಡಿದವಳಲ್ಲ. ಆದರೆ ಮಗನ ಊಟದ ವಿಷಯದಲ್ಲಿ ಮಾತ್ರ ಇನ್ನೊಬ್ಬರ ಕೈ ಸೇರಿಸುತ್ತಿರಲಿಲ್ಲ. ರೊಟ್ಟಿ ಬಡಿಯುವುದು ಸೊಸೆ, ಬುತ್ತಿ ಕಟ್ಟುವುದು ಅತ್ತೆ. ಸಾರು ಕುದಿಸುವುದು ಸೊಸೆ, ತಟ್ಟೆ ಮುಂದೆ ಕೂತು ಬಡಿಸುವುದು ಅತ್ತೆ. ಉಡಚಮ್ಮ ಬಾಗಿಲ ಮರೆಯಲ್ಲಿ ನಿಂತು, ಗಂಡ ಯಾವುದನ್ನು ಎರಡನೇ ಸಲ ಹಾಕಿಸಿಕೊಂಡ ಎಂದು ನೋಡುವಳು. ತಾನು ಮಾಡಿದ ಪಲ್ಯವನ್ನು ಅವನು ಹೊಗಳಿದರೆ ಅತ್ತೆ ಮುಗುಳ್ನಗುವಳು. ಆ ನಗೆ ನೋಡಿ ಇವಳ ಹೊಟ್ಟೆ ಉರಿಯುವುದು.

ಹುಟ್ಟಿದವಳು ಒಬ್ಬಳೇ ಮಗಳು, ಸುಮಾ. ಅವಳೂ ಅಪ್ಪನ ಮಗಳಾದಳು. ಅತ್ತೆ ತೀರಿಕೊಂಡು, ಮಗಳು ಮದುವೆಯಾಗಿ ದಾವಣಗೆರೆಯ ಎಸ್.ಎಸ್. ಬಡಾವಣೆಗೆ ಹೋದ ಮೇಲೆ, ಇನ್ನಾದರೂ ನನ್ನ ಪಾಳಿ ಬಂತು ಎಂದುಕೊಂಡಳು ಉಡಚಮ್ಮ. ಅಷ್ಟರಲ್ಲಿ ಕೊಟ್ಟೂರಪ್ಪನಿಗೆ ಗಿರಣಿಯ ಗೆಳೆಯರು, ಸಂಜೆಯ ಮಿರ್ಚಿ ಮಂಡಕ್ಕಿ, ಸೋಮವಾರದ ಭಜನೆ ಎಂದು ಒಂದು ಲೋಕವೇ ಬೆಳೆದುಬಿಟ್ಟಿತ್ತು. ಮನೆಯಲ್ಲಿ ಅವನು ಒಳ್ಳೆಯ ಬಾಡಿಗೆದಾರನ ಹಾಗೆ ಇದ್ದ. ಗಲಾಟೆಯಿಲ್ಲ, ದೂರಿಲ್ಲ, ಮಾತೂ ಇಲ್ಲ.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರದಲ್ಲಿ, ಗಿರಣಿಯಲ್ಲಿ ನಿಂತಿದ್ದಂತೆಯೇ ಅವನಿಗೆ ಎದೆ ಹಿಂಡಿ ಬಂತು. ಗೆಳೆಯರು ಆಟೋದಲ್ಲಿ ಹಾಕಿಕೊಂಡು ದಾವಣಗೆರೆಯ ಒಂದು ಹೃದಯದ ಆಸ್ಪತ್ರೆಗೆ ಸೇರಿಸಿದರು. ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವ ದಿನ ದೊಡ್ಡ ಡಾಕ್ಟರು ಗುಳಿಗೆಯ ಚೀಲವನ್ನು ಉಡಚಮ್ಮನ ಕೈಗೆ ಕೊಟ್ಟು, ಇನ್ನು ಮೇಲೆ ಇವರು ನಿಮ್ಮ ಕೈಯಲ್ಲಿದ್ದಾರೆ ನೋಡಿ ತಾಯಿ ಎಂದರು. ದಿನಕ್ಕೆ ಎಷ್ಟೋ ಜನರಿಗೆ ಅವರು ಹೇಳುವ ಮಾತದು. ಉಡಚಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಅಲ್ಲಿಂದ ಅವಳ ಆಳ್ವಿಕೆ ಶುರುವಾಯಿತು. ಗುಳಿಗೆಗಳನ್ನೆಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ದೇವರ ಗೂಡಿನ ಪಕ್ಕ ಇಟ್ಟಳು. ಹೊತ್ತಿಗೆ ಸರಿಯಾಗಿ ಅವನ ಅಂಗೈಗೆ ಗುಳಿಗೆ ಹಾಕಿ, ನೀರು ಕೊಟ್ಟು, ಗಂಟಲು ಇಳಿಯುವ ತನಕ ನೋಡುತ್ತ ನಿಲ್ಲುವಳು. ಉಪ್ಪಿಲ್ಲದ ಸಾರು, ಎಣ್ಣೆಯಿಲ್ಲದ ಪಲ್ಯ ಬೇರೆಯೇ ಮಾಡಿದಳು. ಅವನಿಗೆ ನಿಷಿದ್ಧವಾದ ಉಪ್ಪಿನಕಾಯಿ ಜಾಡಿ, ಹಪ್ಪಳ, ಸಂಡಿಗೆಗಳು ದಂಡವಾಗಬಾರದೆಂದು ಅಡುಗೆಮನೆಯ ಮೂಲೆಯಲ್ಲಿ ಕೂತು ತಾನೇ ತಿಂದಳು. ಅವನು ನೀರಿನ ಕೊಡ ಮುಟ್ಟುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ, ಬಚ್ಚಲ ಬಾಗಿಲ ಚಿಲಕ ಹಾಕುವಂತಿಲ್ಲ. ನೋಡಲು ಬಂದವರು ಅವನನ್ನು ಮಾತಾಡಿಸಿದರೆ ಉತ್ತರ ಇವಳಿಂದ ಬರುವುದು.

ಕೊಟ್ಟೂರಪ್ಪನೂ ಹೆದರಿಹೋಗಿದ್ದ. ಕೆಲಸ ಬಿಟ್ಟಿದ್ದ. ಗ್ಯಾಸು ತುಂಬಿ ಎದೆ ಚುಳಕ್ ಎಂದರೂ "ಉಡಚೀ" ಎಂದು ಕೂಗುವನು. ಅವಳು ಕೈಲಿದ್ದುದನ್ನು ಬಿಟ್ಟು ಓಡಿಹೋಗಿ ಬೆನ್ನು ನೀವುವಳು. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅವಳ ಹೆಸರನ್ನು ಅಷ್ಟು ಸಲ ಕರೆದಿರಲಿಲ್ಲ. ಆ ಕೂಗು ಕಿವಿಗೆ ಬಿದ್ದಾಗ ಭಯವಾಗುತ್ತಿದ್ದುದು ಸುಳ್ಳಲ್ಲ. ಜೊತೆಗೆ ಎದೆಯಲ್ಲಿ ಬೆಲ್ಲ ಕರಗಿದಂತಾಗುತ್ತಿದ್ದುದೂ ಸುಳ್ಳಲ್ಲ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ತಪಾಸಣೆಗೆ ಹೋದಾಗ ಆಸ್ಪತ್ರೆಯಲ್ಲಿ ಸಬಾ ಎಂಬ ಹೊಸ ಸಿಸ್ಟರು ಇದ್ದಳು. ತೆಳ್ಳಗಿನ ಹುಡುಗಿ, ದಾವಣಗೆರೆಯ ಹಳೇಪೇಟೆಯವಳು, ಮೆಲ್ಲಗಿನ ಮಾತು. ಕೊಟ್ಟೂರಪ್ಪನನ್ನು ಕೂರಿಸಿಕೊಂಡು ಯಾವ ಗುಳಿಗೆ ಯಾವಾಗ ತಗೊಳ್ಳುತ್ತೀರಿ ಎಂದು ಕೇಳಿದಳು. ಉಡಚಮ್ಮ ಹೇಳಿದಳು. ನಡಿಗೆ ಎಷ್ಟು ಮಾಡುತ್ತೀರಿ ಎಂದಳು ಸಬಾ. ಅದಕ್ಕೂ ಉಡಚಮ್ಮನೇ, ನಡಿಗೆ ಗಿಡಿಗೆ ನಾನು ಬಿಟ್ಟಿಲ್ಲ ಎಂದಳು. ಸಬಾ ಪೆನ್ನು ಕೆಳಗಿಟ್ಟಳು.

"ಅಮ್ಮಾರೆ, ಒಂಚೂರು ತಡೀರಿ. ಯಜಮಾನ್ರು ಹೇಳ್ಲಿ." ಆಮೇಲೆ ಅವನ ಕಡೆ ತಿರುಗಿ ಕೇಳಿದಳು: "ಅಮ್ಮಾರು ಮನ್ಯಾಗಿಲ್ಲ. ಸಂತಿಗೆ ಹೋಗ್ಯಾರೆ ಅನ್ಕಳ್ರಿ. ಅವಾಗ ನಿಮಗೆ ಎದೆ ನೋವು ಬಂತು. ಏನ್ ಮಾಡ್ತೀರಿ?"

ಕೊಟ್ಟೂರಪ್ಪ ಯೋಚಿಸಿದ. "ಆಕಿ ಬರೋ ತನ ಕಾಯ್ತೀನಿ" ಎಂದ.

ಉಡಚಮ್ಮನಿಗೆ ಆ ಮಾತು ಕೇಳಿ ಮೈ ತುಂಬಿ ಬಂತು. ಸಿಸ್ಟರು ಮೆಚ್ಚಿಕೊಂಡಾಳೆಂದು ನೋಡಿದರೆ, ಸಬಾಳ ಮುಖದಲ್ಲಿ ಮೆಚ್ಚುಗೆ ಇರಲಿಲ್ಲ. ಶನಿವಾರ ಶನಿವಾರ ಇಲ್ಲಿ ನಿಮ್ಮಂಥವರಿಗೆ ಒಂದು ತರಗತಿ ನಡೆಯುತ್ತದೆ, ತಮ್ಮ ಹೃದಯವನ್ನು ತಾವೇ ನೋಡಿಕೊಳ್ಳುವುದು ಹೇಗೆಂದು ಕಲಿಸುತ್ತೇವೆ, ಬನ್ನಿ ಎಂದಳು. ಅವನಿಗೆ ಹೇಳಿದಳು, ಇವಳಿಗಲ್ಲ.

ಬರುವುದಿಲ್ಲ ಎನ್ನುತ್ತಾನೆಂದೇ ಉಡಚಮ್ಮ ಎಣಿಸಿದ್ದಳು. ಆದರೆ ಶನಿವಾರ ಅವನೇ ಅಂಗಿ ಹಾಕಿಕೊಂಡು ಹೊರಟು ನಿಂತ. ಜೊತೆಗೆ ಇವಳೂ ಹೋದಳು. ರೋಗಿಗಳನ್ನೆಲ್ಲ ಒಂದು ಕೋಣೆಗೆ ಕರೆದು, ಮನೆಯವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಒಳಗಿನಿಂದ ನಗೆ ಕೇಳಿಸಿತು. ಅದರಲ್ಲಿ ಗಂಡನ ನಗೆಯೂ ಇತ್ತು. ಅವನು ಹಾಗೆ ನಗುತ್ತಾನೆಂಬುದೇ ಅವಳಿಗೆ ಮರೆತುಹೋಗಿತ್ತು.

ದಿನ ಕಳೆದಂತೆ ಕೊಟ್ಟೂರಪ್ಪ ಬದಲಾದ. ತರಗತಿಗೆ ಒಬ್ಬನೇ ಹೋಗಿಬರತೊಡಗಿದ. ಬಿ.ಪಿ. ನೋಡುವ ಯಂತ್ರ ಕೊಂಡುತಂದ. ಬಾಯ್ಲರಿನ ಒತ್ತಡ ನೋಡಿಕೊಂಡು ಬದುಕು ಕಳೆದವನಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಮುಳ್ಳು ಏರಿದರೆ ಯಾಕೆ ಏರಿತು, ಏನು ಮಾಡಿದರೆ ಇಳಿಯುತ್ತದೆ ಎಂದು ನೋಡುವ ಬುದ್ಧಿ ಅವನ ಕೈಯಲ್ಲೇ ಇತ್ತು. ಗುಳಿಗೆಗಳ ಹೆಸರು ಕಲಿತ. ಬೆಳಿಗ್ಗೆ ಹೊಳೆಯ ಕಡೆ ನಡೆಯತೊಡಗಿದ, ಮೊದಲು ದೇವಸ್ಥಾನದ ತನಕ, ಆಮೇಲೆ ಸೇತುವೆಯ ತನಕ. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಗುಳಿಗೆ ಸದಾ ಅಂಗಿ ಜೇಬಿನಲ್ಲಿ. ಬಚ್ಚಲಿನ ಚಿಲಕ ಬಿದ್ದ ಸದ್ದು ಒಂದು ದಿನ ಉಡಚಮ್ಮನ ಎದೆಗೇ ಬಿದ್ದಂತಾಯಿತು.

ಒಂದು ಬೆಳಿಗ್ಗೆ ಅವಳು ನೀರು ಹಿಡಿದುಕೊಂಡು ಬಂದು ಡಬ್ಬಿ ತೆಗೆದರೆ, ಆ ಹೊತ್ತಿನ ಗುಳಿಗೆ ಇರಲಿಲ್ಲ. ನಾನೇ ತಗಂಡೆ ಎಂದ ಅವನು, ಪತ್ರಿಕೆಯಿಂದ ಕಣ್ಣು ಎತ್ತದೆ. ಲೋಟ ಹಿಡಿದುಕೊಂಡು ನಿಂತವಳಿಗೆ ಆ ನೀರನ್ನು ಏನು ಮಾಡಬೇಕೆಂದು ತೋಚಲಿಲ್ಲ. ಅಡುಗೆಮನೆಗೆ ಹೋಗಿ ತಾನೇ ಕುಡಿದಳು.

ಮನೆಯಲ್ಲಿ ಈಗ ಎರಡು ಹೊಸ ಹೆಸರುಗಳು ಓಡಾಡತೊಡಗಿದವು. ಒಂದು ಸಬಾ ಸಿಸ್ಟರ್. ಇನ್ನೊಂದು ಸರೋಜಾ ಮೇಡಂ. ಈ ಸರೋಜಾ ತರಗತಿಯ ಹಳೆಯ ರೋಗಿ, ಎಸ್.ಎಸ್. ಬಡಾವಣೆಯಲ್ಲಿ ಹೊಲಿಗೆ ಕಲಿಸುವವಳು, ವಿಧವೆ. ಅವಳು ಉಪ್ಪಿಲ್ಲದೆ, ನಿಂಬೆಹುಳಿ ಹಾಕಿ ಅಗಸೆ ಚಟ್ನಿಪುಡಿ ಮಾಡಿ ಎಲ್ಲರಿಗೂ ಹಂಚುವಳಂತೆ. ಕೊಟ್ಟೂರಪ್ಪ ಒಂದು ಡಬ್ಬಿ ತಂದ. ರೊಟ್ಟಿಗೆ ಹಚ್ಚಿಕೊಂಡು ತಿಂದು, ಉಪ್ಪಿಲ್ದಿದ್ರೂ ಎಷ್ಟು ರುಚಿ ಐತೆ ನೋಡು ಎಂದ. ಒಂದು ವರ್ಷದಿಂದ ಉಪ್ಪಿಲ್ಲದ ಸಾರು ಮಾಡಿ ಹಾಕಿದವಳಿಗೆ ಒಂದು ದಿನವೂ ಆ ಮಾತು ಬಂದಿರಲಿಲ್ಲ. ಅತ್ತೆಯ ಮುಗುಳ್ನಗೆ ಕಂಡಾಗ ಉರಿದಿದ್ದ ಜಾಗವೇ ಮತ್ತೆ ಉರಿಯಿತು. ಅವನು ನಡೆಯಲು ಹೋದಾಗ ಆ ಪುಡಿಯನ್ನು ಹಿತ್ತಲಲ್ಲಿ ಕಾಗೆಗೆ ಹಾಕಿದಳು. ಕಾಗೆಯೂ ಮುಟ್ಟಲಿಲ್ಲವೆಂಬುದು ಅವಳಿಗೆ ಸ್ವಲ್ಪ ಸಮಾಧಾನ ಕೊಟ್ಟಿತು.

ಆ ಹೆಂಗಸನ್ನು ಕಣ್ಣಾರೆ ನೋಡಲೇಬೇಕೆಂದು, ಮಗಳನ್ನು ನೋಡುವ ನೆಪ ಹೂಡಿ ದಾವಣಗೆರೆಗೆ ಹೋದಳು. ಮಗಳ ಮನೆಯ ಹತ್ತಿರದ ಪಾರ್ಕಿನಲ್ಲಿ ತರಗತಿಯವರು ಸಂಜೆ ಸೇರುತ್ತಿದ್ದರು. ಸುಮಾ ತೋರಿಸಿದಳು: ಅವರೇ ನೋಡವ್ವ ಸರೋಜಾ ಮೇಡಂ. ಉಡಚಮ್ಮ ಏನೇನೋ ಕಲ್ಪಿಸಿಕೊಂಡಿದ್ದಳು. ಅಲ್ಲಿ ಇದ್ದವಳು ಎಪ್ಪತ್ತರ ಹತ್ತಿರದ ಅಜ್ಜಿ. ಕುತ್ತಿಗೆಯ ಕೆಳಗೆ, ರವಿಕೆಯ ಅಂಚಿನಿಂದ ಆಪರೇಷನ್ನಿನ ಗಾಯದ ಗುರುತು ಇಣುಕುತ್ತಿತ್ತು. ಉಡಚಮ್ಮನನ್ನು ಕಂಡೊಡನೆ ಎರಡೂ ಕೈ ಹಿಡಿದುಕೊಂಡು, ಕೊಟ್ಟೂರಪ್ಪನ್ನ ಉಳಿಸಿಕೊಂಡ ಪುಣ್ಯಾತ್ಗಿತ್ತಿ ನೀನೇ ಅಲ್ಲೇನವ್ವ ಎಂದಳು.

ಹೊಟ್ಟೆಕಿಚ್ಚಿಗೆ ಹಿಡಿದುಕೊಳ್ಳಲು ಒಂದು ಕೊಂಬೆ ಬೇಕಲ್ಲ, ಆ ಕೊಂಬೆಯೇ ಮುರಿಯಿತು. ಹರಿಹರಕ್ಕೆ ವಾಪಸು ಬರುವಾಗ ಉಡಚಮ್ಮನಿಗೆ ಮೊದಲಿಗಿಂತ ಹೆಚ್ಚು ಸಂಕಟವಾಯಿತು. ಗಂಡನನ್ನು ಇನ್ನೊಬ್ಬ ಹೆಂಗಸು ಕಿತ್ತುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಅವನನ್ನು ಕಿತ್ತುಕೊಂಡಿದ್ದು ಅವನ ಧೈರ್ಯ. ಗಂಡ ಧೈರ್ಯವಾಗಿದ್ದಾನೆಂದು ಯಾರ ಹತ್ತಿರ ದೂರು ಹೇಳುವುದು?

ಆ ವಾರವೇ ಅವಳು ಮಾಡಬಾರದ ಒಂದು ಕೆಲಸ ಮಾಡಿದಳು. ಅವನ ಪಾಲಿನ ಸೊಪ್ಪಿನ ಸಾರು ಕುದಿಯುತ್ತಿದ್ದಾಗ ಉಪ್ಪಿನ ಮರಿಗೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಹಾಕಿಬಿಟ್ಟಳು. ಸಾಯಲಿ ಎಂದಲ್ಲ, ದೇವರಾಣೆಗೂ ಅಲ್ಲ. ಯಂತ್ರದಲ್ಲಿ ಒತ್ತಡ ಒಂದಿಷ್ಟು ಏರಲಿ, ಅವನು ಹೆದರಲಿ, ಒಂದು ಸಲ "ಉಡಚೀ" ಎಂದು ಕೂಗಲಿ. ಅಷ್ಟೇ ಅವಳ ಆಸೆ.

ಅವನು ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದ. ಉಪ್ಪು ಬಿಟ್ಟ ನಾಲಿಗೆಗೆ ಉಪ್ಪು ಬಲುಬೇಗ ಗೊತ್ತಾಗುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ತಟ್ಟೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿ, "ಉಪ್ಪು ಮುಂದಾಗೈತೆ, ಕೈ ತಪ್ಪಿರಬೇಕು ತಗಾ" ಎಂದು, ತಾನೇ ಎದ್ದುಹೋಗಿ ಮಜ್ಜಿಗೆ ಹಾಕಿಕೊಂಡು ರೊಟ್ಟಿ ತಿಂದ. ಬೈಗುಳವಿಲ್ಲ, ಅನುಮಾನವಿಲ್ಲ. ಅವನು ಉಂಡು ಹೋದ ಮೇಲೆ ಉಡಚಮ್ಮ ಆ ಸಾರನ್ನು ಚೆಲ್ಲಲಿಲ್ಲ. ಅನ್ನಕ್ಕೆ ಕಲಸಿಕೊಂಡು, ಕಣ್ಣಲ್ಲಿ ನೀರು ಬರುತ್ತಿದ್ದರೂ, ಪೂರ್ತಿ ತಿಂದು ಮುಗಿಸಿದಳು.

ಅವಳಿಗೆ ಆಗಲೇ ತಲೆನೋವು ಶುರುವಾಗಿತ್ತು. ಬೆಳಿಗ್ಗೆ ಎದ್ದಾಗ ಹಿಂದಲೆಯಲ್ಲಿ ಕಲ್ಲು ಕಟ್ಟಿದ ಹಾಗೆ. ಒಲೆ ಮುಂದೆ ಬಗ್ಗಿ ಎದ್ದರೆ ಕಣ್ಣು ಮಂಜು. ನಿದ್ದೆಗೆಟ್ಟಿದ್ದಕ್ಕೆ ಹೀಗೆ ಎಂದು ತಲೆಗೆ ಬಟ್ಟೆ ಕಟ್ಟಿಕೊಂಡು ಓಡಾಡಿದಳು. ಕೊಟ್ಟೂರಪ್ಪ ಎರಡು ಸಲ ಯಂತ್ರ ಹಿಡಿದುಕೊಂಡು ಬಂದು, ಕೈ ಕೊಡು ನೋಡಾನ ಎಂದ. ಎರಡು ಸಲವೂ ಅವಳು ಕೈ ಕಿತ್ತುಕೊಂಡಳು. ಅವನ ಯಂತ್ರಕ್ಕೆ ತನ್ನ ಕೈ ಕೊಡುವುದೆಂದರೆ ಸೋತ ಹಾಗೆ ಅನ್ನಿಸುತ್ತಿತ್ತು.

ಶ್ರಾವಣದಲ್ಲಿ ಆಸ್ಪತ್ರೆಯವರು ಮಾಯಕೊಂಡದಲ್ಲಿ ಒಂದು ಹೃದಯ ತಪಾಸಣಾ ಶಿಬಿರ ಇಟ್ಟುಕೊಂಡರು. ಹಳ್ಳಿಯ ಜನಕ್ಕೆ ಡಾಕ್ಟರ ಮಾತಿಗಿಂತ ರೋಗಿಯ ಮಾತು ನಾಟುತ್ತದೆಂದು, ಕೊಟ್ಟೂರಪ್ಪನಿಗೆ ವೇದಿಕೆಯ ಮೇಲೆ ಮಾತಾಡಲು ಹೇಳಿದ್ದರು. ತವರೂರಿನಲ್ಲಿ ಗಂಡನ ಭಾಷಣ. ಉಡಚಮ್ಮ ಹೊಸ ಸೀರೆ ಉಟ್ಟು ಹೋದಳು. ಅಣ್ಣ ಸಣ್ಣತಿಮ್ಮಪ್ಪ, ಅತ್ತಿಗೆ, ಬೀದಿಯ ಹೆಂಗಸರೆಲ್ಲ ಶಾಲೆಯ ಅಂಗಳದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಇವತ್ತಾದರೂ ಇಷ್ಟು ಜನರ ಮುಂದೆ ನನ್ನ ಹೆಸರು ಹೇಳುತ್ತಾನೆ ಎಂದು ಅವಳ ಮನಸ್ಸು ಹೇಳುತ್ತಿತ್ತು.

ಅವನು ಅವಳ ಮಾತು ಎತ್ತಿದ, ಎತ್ತಲಿಲ್ಲವೆಂದಲ್ಲ.

"ಆಸ್ಪತ್ರಿಯಿಂದ ಬಂದ ಮ್ಯಾಲೆ ಒಂದು ವರ್ಷ ನಾನು ಕೂಸಿನಂಗಿದ್ದೆ" ಎಂದು ಶುರು ಮಾಡಿದ. "ಗುಳಿಗಿ ಹೆಸರು ಗೊತ್ತಿಲ್ಲ, ಯಾಕ ತಗಂತೀನಿ ಗೊತ್ತಿಲ್ಲ. ನಮ್ಮ ಮನ್ಯಾಕಿ ಬಾಯಿ ತೆಗಿ ಅಂದ್ರೆ ತೆಗಿಯದು, ಮುಚ್ಚು ಅಂದ್ರೆ ಮುಚ್ಚದು. ಆಕಿ ಒಂದು ದಿನ ಊರಿಗೆ ಹೋಗಿದ್ರೆ ನನ್ನ ಕತಿ ಅಷ್ಟೇ ಇತ್ತು. ಆ ಸ್ಥಿತಿ ನಿಮಗೆ ಬರಬಾರದು. ನಿಮ್ಮ ಎದಿ ನಿಮ್ದು, ನೀವೇ ಕಲೀಬೇಕು."

ಜನ ನಕ್ಕರು. ಸಣ್ಣತಿಮ್ಮಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಕೊಟ್ಟೂರಪ್ಪ ಸಬಾ ಸಿಸ್ಟರಿಗೂ ಸರೋಜಾ ಮೇಡಮ್ಮಿಗೂ ಕೈ ಮುಗಿದ. ಚಪ್ಪಾಳೆ ಬಿತ್ತು. ನಿನ್ನ ಗಂಡ ಎಷ್ಟು ಚೆಂದ ಮಾತಾಡಿದ ನೋಡು ಎಂದು ಅತ್ತಿಗೆ ಅವಳ ತೊಡೆ ತಟ್ಟಿದಳು. ಉಡಚಮ್ಮನಿಗೆ ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ನಾನು ಅವನನ್ನು ಉಳಿಸಿಕೊಂಡ ಒಂದು ವರ್ಷ ಈ ಊರಿಗೆ ನಗೆಪಾಟಲಾಯಿತಲ್ಲ ಎಂದು ಅವಳಿಗೆ ಆ ಅಂಗಳದಲ್ಲಿ ಕೂತಿರಲಾಗಲಿಲ್ಲ.

ಎದ್ದು ಹೊರಟವಳನ್ನು ಅಣ್ಣನೇ ತಡೆದು, ಬಿ.ಪಿ. ನೋಡುವ ಸಾಲಿಗೆ ನೂಕಿದ. ಊರ ಹೆಂಗಸರೆಲ್ಲ ತೋರಿಸುತ್ತಿರುವಾಗ ಭಾಷಣಕಾರನ ಹೆಂಡತಿಯೇ ತಪ್ಪಿಸಿಕೊಂಡರೆ ಹೇಗೆ ಎಂದ. ಬೇಡವೆಂದರೆ ಸಿಟ್ಟು ಎಲ್ಲರಿಗೂ ಗೊತ್ತಾಗುತ್ತದೆಂದು ಅವಳು ಹೋಗಿ ಕೂತಳು. ಮೇಜಿನ ಆಚೆ ಸಬಾ. ತೋಳಿಗೆ ಪಟ್ಟಿ ಕಟ್ಟಿ ನೋಡಿದಳು. ಏನೂ ಹೇಳದೆ ಇನ್ನೊಂದು ತೋಳಿಗೆ ಕಟ್ಟಿ ನೋಡಿದಳು. ಎದ್ದುಹೋಗಿ ಡಾಕ್ಟರನ್ನು ಕರೆತಂದಳು. ಶಾಲೆಯ ಕೋಣೆಯಲ್ಲೇ ಇ.ಸಿ.ಜಿ. ತೆಗೆದರು. ಹೃದಯಾಘಾತವಲ್ಲ, ಆದರೆ ಒತ್ತಡ ಮಿತಿಮೀರಿದೆ, ಬಹಳ ದಿನದಿಂದ ಹೀಗೇ ಇದ್ದು ಗುಂಡಿಗೆಗೆ ದಣಿವಾಗಿದೆ, ಈಗಲೇ ದಾವಣಗೆರೆಗೆ ಹೋಗಬೇಕು ಎಂದರು ಡಾಕ್ಟರು.

ಶಿಬಿರದ ವ್ಯಾನಿನಲ್ಲಿ ಅವಳನ್ನು ಮಲಗಿಸಿದರು. ಕೊಟ್ಟೂರಪ್ಪ ತಲೆಯ ಹತ್ತಿರ ಕೂತ. ಮಗಳಿಗೆ ಫೋನ್ ಮಾಡಿ ಯಾವ ಬಾಗಿಲಿಗೆ ಬರಬೇಕೆಂದು ನಿಧಾನವಾಗಿ ಹೇಳಿದ. ಅವಳ ಹಣೆ ಒರೆಸಿದ. ಮುಖದಲ್ಲಿ ಗಾಬರಿಯಿಲ್ಲ, ಕಣ್ಣಲ್ಲಿ ಹನಿಯಿಲ್ಲ. ತಲೆ ಸಿಡಿಯುತ್ತಿದ್ದರೂ ಉಡಚಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಹೀಗೆ ಮಲಗಿದ್ದ ದಿನ ತಾನು ಆಸ್ಪತ್ರೆಯ ನೆಲದ ಮೇಲೆ ಬಿದ್ದು ಎದೆ ಬಡಿದುಕೊಂಡಿದ್ದಳು. ಇವನಿಗೆ ನನ್ನ ಮೇಲೆ ಅಷ್ಟೂ ಇಲ್ಲವೇ ಎನ್ನಿಸಿತು. ಆ ಹೊತ್ತಿನಲ್ಲೂ ಅವಳು ಹೋಲಿಸುತ್ತಿದ್ದಳು, ತನ್ನ ಅಳುವನ್ನೂ ಅವನ ಸಮಾಧಾನವನ್ನೂ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಬಾಟಲಿ ಏರಿಸಿ, ನಿದ್ದೆ ಬರಿಸಿದರು. ಮರುದಿನ ಬೆಳಿಗ್ಗೆ ಎಚ್ಚರವಾದಾಗ ತಲೆ ಹಗುರಾಗಿತ್ತು. ಪಕ್ಕದಲ್ಲಿ ಗಂಡನಿರಲಿಲ್ಲ, ಸಬಾ ಇದ್ದಳು. ಯಜಮಾನ್ರು ಎಲ್ಲಿ ಎಂದು ಉಡಚಮ್ಮ ಕೇಳಿದಳು. ಸಬಾ ಸ್ಟೂಲು ಎಳೆದುಕೊಂಡು ಕೂತಳು.

ನಿನ್ನೆ ಸಂಜೆ ನಿಮ್ಮನ್ನು ಒಳಗೆ ಕರೆದೊಯ್ದ ಮೇಲೆ ಅವರಿಗೆ ಕಾರಿಡಾರಿನಲ್ಲಿ ಎದೆ ಹಿಂಡಿ ಬಂತು ಎಂದಳು. ಉಡಚಮ್ಮ ಏಳಲು ಹೋದಳು. ಸಬಾ ಅವಳ ಕೈ ಅದುಮಿ ಮುಂದೆ ಹೇಳಿದಳು. ಅವರು ಇದ್ದಲ್ಲೇ ಕೂತುಬಿಟ್ಟರು. ಜೇಬಿನಿಂದ ಗುಳಿಗೆ ತೆಗೆದು ನಾಲಿಗೆ ಕೆಳಗಿಟ್ಟುಕೊಂಡರು. ಹತ್ತಿರದ ಸಿಸ್ಟರನ್ನು ಕರೆದು, ನನಗೆ ಸ್ಟೆಂಟ್ ಹಾಕಿದ್ದಾರೆ, ಈಗ ನೋವು ಬಂದಿದೆ, ಇಂಥ ಗುಳಿಗೆ ತಗೊಂಡಿದ್ದೇನೆ ಎಂದು ತಾವೇ ಹೇಳಿದರು. ಎಲ್ಲ ಪರೀಕ್ಷೆ ಮಾಡಿದ್ದಾರೆ, ಅಪಾಯವಿಲ್ಲ, ಕೆಳಗಿನ ವಾರ್ಡಿನಲ್ಲಿ ಮಲಗಿದ್ದಾರೆ.

"ನಿಮಗೆ ಹೇಳಬ್ಯಾಡ ಅಂದಿದ್ರು" ಎಂದಳು ಸಬಾ. "ನಾನೇ ಹೇಳ್ತಿದೀನಿ. ಹೆದರಿ ಬಂದ ನೋವು ಅಮ್ಮಾರೆ. ನಿಮ್ಮ ಸಲುವಾಗಿ ಹೆದರಿದ್ರು."

ಉಡಚಮ್ಮ ಕಣ್ಣು ಮುಚ್ಚಿದಳು. ಹೋದ ವರ್ಷದ ಕೊಟ್ಟೂರಪ್ಪನಾಗಿದ್ದರೆ ಆ ಕಾರಿಡಾರಿನಲ್ಲಿ ತನ್ನ ದಾರಿ ಕಾಯುತ್ತ ಕೂತಿರುತ್ತಿದ್ದ. ತಾನು ಒಳಗೆ, ಕೈಗೆ ಸೂಜಿ ಚುಚ್ಚಿಸಿಕೊಂಡು, ಪ್ರಜ್ಞೆಯಿಲ್ಲದೆ. ಅವನು ಹೊರಗೆ, ಕಾಯುತ್ತ. ಆಮೇಲೆ ಏನಾಗುತ್ತಿತ್ತೆಂದು ನೆನೆಯುವುದಕ್ಕೂ ಅವಳಿಗೆ ಧೈರ್ಯ ಬರಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು: ನನಗೋಸ್ಕರ ಅವನ ಎದೆ ನೊಂದಿತು. ಆ ಯೋಚನೆ ಎಷ್ಟು ಸಿಹಿಯಾಗಿತ್ತೆಂದರೆ ಅವಳಿಗೇ ನಾಚಿಕೆಯಾಗಿ ಗೋಡೆಯ ಕಡೆ ಮುಖ ಮಾಡಿದಳು.

ಗೋಡೆಗೆ ಮುಖ ಮಾಡಿಕೊಂಡೇ ಸಬಾಗೆ ಸಾರಿಗೆ ಉಪ್ಪು ಹಾಕಿದ್ದನ್ನು ಹೇಳಿದಳು. ಯಾಕೆ ಹಾಕಿದೆ ಎಂಬುದನ್ನೂ ಹೇಳಿದಳು. ಹುಡುಗಿ ಎದ್ದುಹೋಗಬಹುದು, ಡಾಕ್ಟರಿಗೆ ಹೇಳಬಹುದು ಎಂದು ಕಾದಳು. ಸಬಾ ಸ್ಟೂಲನ್ನು ಇನ್ನೂ ಹತ್ತಿರ ಎಳೆದುಕೊಂಡಳು. ಆಮೇಲೆ, ನಮ್ಮ ಅಮ್ಮಿ ಅಬ್ಬಾನ ಸಕ್ಕರೆ ಕಾಯಿಲೆಯ ಸೂಜಿಯನ್ನು ನನಗೂ ಮುಟ್ಟಲು ಬಿಡುವುದಿಲ್ಲ, ನಾನು ನರ್ಸು ಕೆಲಸ ಮಾಡುತ್ತಿದ್ದರೂ, ಎಂದಳು. ಇನ್ನೊಂದು ಸಲ ಹಾಗೆ ಮಾಡಬೇಡಿ ಎಂದೂ ಹೇಳಿದಳು, ಗಟ್ಟಿಯಾಗಿಯೇ. ಹಾಗೆ ಹೇಳಿ, ಉಡಚಮ್ಮನ ಕೆದರಿದ ಕೂದಲು ಸರಿಮಾಡಿ ಹೋದಳು. ಇಷ್ಟು ದಿನ ಆ ಹುಡುಗಿಯ ಮೇಲೆ ಕತ್ತಿ ಮಸೆದಿದ್ದು ಯಾಕೆಂದು ಉಡಚಮ್ಮನಿಗೆ ಆಗ ತಕ್ಷಣಕ್ಕೆ ನೆನಪಾಗಲಿಲ್ಲ.

ಇಬ್ಬರೂ ಮನೆಗೆ ಬಂದರು. ಈಗ ಗುಳಿಗೆ ಇಬ್ಬರಿಗೂ ಇತ್ತು. ಮೊದಲ ಕೆಲವು ದಿನ ಕೊಟ್ಟೂರಪ್ಪನೇ ಅವಳ ಅಂಗೈಗೆ ಗುಳಿಗೆ ಹಾಕಿ ನೀರು ಕೊಟ್ಟ. ಉಡಚಮ್ಮ ಆ ಸುಖವನ್ನು ಬಾಯಿಬಿಟ್ಟು ಹೇಳದೆ ಅನುಭವಿಸಿದಳು. ಬೇಕೆಂದೇ ಒಂದೊಂದು ಸಲ ಮರೆತವಳಂತೆ ಕೂರುವಳು, ಅವನು ಎದ್ದು ಬರಲಿ ಎಂದು. ಒಂದು ಬೆಳಿಗ್ಗೆ ಅವನು ಎದ್ದು ಬರಲಿಲ್ಲ. ಗುಳಿಗೆಯ ಪಟ್ಟಿಗಳನ್ನೆಲ್ಲ ಅವಳ ಮುಂದೆ ಚಾಪೆಯ ಮೇಲೆ ಹರಡಿ, ಇವತ್ತಿಂದ ನೀನೇ ತಗೋ ಎಂದ.

ಅವಳಿಗೆ ಸಿಟ್ಟು ನೆತ್ತಿಗೇರಿತು. "ಒಂದು ವರ್ಷ ನಿಮ್ಮ ಬಾಯಿಗೆ ಹಾಕೀನಿ ನಾನು. ನಿಮಗೆ ಹತ್ತು ದಿನಕ್ಕೆ ಸಾಕಾತೇನು?"

"ನೀ ಹಾಕಿದ್ದಕ್ಕೇ ನಾ ಉಳಿದೀನಿ" ಎಂದ ಅವನು. "ಮಾಯಕೊಂಡದಾಗೆ ಅದನ್ನ ಮೊದಲು ಹೇಳಬೇಕಿತ್ತು. ನಗಿಸಾಕೆ ಹೋಗಿ ಬಿಟ್ಟುಬಿಟ್ಟೆ. ಮನಸಿಗೆ ಹತ್ತೈತೆ ಅಂತ ಗೊತ್ತೈತೆ ನಂಗೆ." ಪಟ್ಟಿಗಳನ್ನು ಅವಳ ಕಡೆ ಸರಿಸಿ ಹೇಳಿದ: "ಆದ್ರೆ ನಾಳಿ ನಾನಿಲ್ಲ ಅಂದ್ರೆ ಯಾರ್ ಕೊಡ್ತಾರೆ ನಿಂಗೆ?"

ಅವಳು ಒಂದು ಪಟ್ಟಿ ಕೈಗೆತ್ತಿಕೊಂಡಳು. ಬಹಳ ಹೊತ್ತು ಪಟ್ಟಿಗಳನ್ನು ನೋಡುತ್ತ ಕೂತಳು. ಅವನ ಗುಳಿಗೆಗಳೆಲ್ಲ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ತನ್ನವು ಒಂದೂ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲವಾದ್ದರಿಂದ ಬಣ್ಣದ ಮೇಲೆ, ಪಟ್ಟಿಯ ಆಕಾರದ ಮೇಲೆ ಗುರುತು ಹಿಡಿದಳು. ಯಾವುದು ಒತ್ತಡಕ್ಕೆ, ಯಾವುದು ಗುಂಡಿಗೆಗೆ ಎಂದು ಅವನನ್ನು ಕೇಳಲು ಮನಸ್ಸು ಒಪ್ಪಲಿಲ್ಲ. ಶನಿವಾರ ದಾವಣಗೆರೆಗೆ ಹೋಗಿ ಸಬಾಳನ್ನೇ ಕೇಳಿದಳು. ಹಾಗೆ ಹೋದವಳು ತರಗತಿಯಲ್ಲಿ ಕೂತುಬಿಟ್ಟಳು, ಗಂಡನ ಪಕ್ಕದಲ್ಲಲ್ಲ, ಸರೋಜಾ ಅಜ್ಜಿಯ ಪಕ್ಕದಲ್ಲಿ.

ಉಪ್ಪು ಬಿಡುವುದು ಅವಳಿಗೆ ಬಲು ಕಷ್ಟವಾಯಿತು. ಉಪ್ಪಿನಕಾಯಿ ಜಾಡಿಯನ್ನು ಪಕ್ಕದ ಮನೆಗೆ ಕೊಟ್ಟ ದಿನ ಅಳು ಬಂದಂತಾಯಿತು. ಒಂದೆರಡು ಸಲ ಅಲ್ಲಿಗೇ ಹೋಗಿ ಒಂದು ಹೋಳು ತಿಂದು ಬಂದಳು, ಮರುದಿನ ಯಂತ್ರದಲ್ಲಿ ಸಿಕ್ಕಿಬಿದ್ದಳು. ಆದರೆ ನಡಿಗೆ ಅವಳಿಗೆ ಹಿಡಿಸಿತು. ಬೀದಿಯ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ಹೊಳೆಯ ದಂಡೆಗೆ ಹೋಗಿಬರುವಳು. ಗಂಡ ಹೋಗುವುದು ಸೇತುವೆಯ ಕಡೆ, ಅವಳು ಹೋಗುವುದು ಅದರ ಎದುರು ದಿಕ್ಕಿಗೆ. ಹೊಟ್ಟೆಕಿಚ್ಚು ಪೂರ್ತಿ ಆರಿತೆಂದು ಹೇಳಲಾಗದು. ಅವನ ಬಿ.ಪಿ. ಲೆಕ್ಕ ತನ್ನದಕ್ಕಿಂತ ಚೆನ್ನಾಗಿ ಬಂದ ದಿನ ಅವಳು ಸಾರಿಗೆ ಒಗ್ಗರಣೆ ಹಾಕುವ ಸದ್ದೇ ಬೇರೆ ಇರುತ್ತಿತ್ತು.

ಹೋದ ತಿಂಗಳ ಒಂದು ಶನಿವಾರ ತರಗತಿಯಲ್ಲಿ ಎಲ್ಲರ ಬಿ.ಪಿ. ನೋಡಿದಾಗ, ಮೊದಲ ಸಲ ಉಡಚಮ್ಮನದು ಗಂಡನದಕ್ಕಿಂತ ಒಳ್ಳೆಯದಾಗಿ ಬಂತು. ಸರೋಜಾ ಅಜ್ಜಿ ಚಪ್ಪಾಳೆ ತಟ್ಟಿದಳು. ಹೋದ ವಾರ ಮತ್ತೆ ತಲೆ ಸುತ್ತಿತೆಂದು ಫೋನಿನಲ್ಲಿ ಹೇಳಿದ್ಯಲ್ಲ, ಈಗ ಹೇಗಿದೆ ಎಂದೂ ಕೇಳಿದಳು. ಕೊಟ್ಟೂರಪ್ಪ ತಿರುಗಿ ನೋಡಿದ. ತಲೆ ಸುತ್ತಿದ ವಿಷಯ ಅವನಿಗೆ ಗೊತ್ತೇ ಇರಲಿಲ್ಲ.

ಹರಿಹರದ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಊರು ದಾಟಿದ ಮೇಲೆ ಕೇಳಿದ: "ಅವರಿಗೆ ಹೇಳಿದಿ. ನಂಗ್ಯಾಕ ಹೇಳ್ಲಿಲ್ಲ?"

ಆ ದನಿಯನ್ನು ಉಡಚಮ್ಮ ಕೂಡಲೇ ಗುರುತು ಹಿಡಿದಳು. ಅದರ ರುಚಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಪುಸಲಾಯಿಸಬಹುದಿತ್ತು, ಮರೆತೆ ಎನ್ನಬಹುದಿತ್ತು. ಅವಳು ಏನೂ ಹೇಳದೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಆರಾಮವಾಗಿ ಹಿಂದಕ್ಕೆ ಒರಗಿದಳು. ಹರಿಹರ ಬರುವ ತನಕ ಅವನು ಮಾತಾಡಲಿಲ್ಲ. ಅವಳಿಗೂ ಅವಸರವಿರಲಿಲ್ಲ.